ಜೀರುಂಡೆಯ ಕಣಜ

ಕಣಜ ಎಂದರೆ ಕಾಳು ತುಂಬಿಡುವ ಜಾಗ. ಕಣಜ ಎಂದರೆ ಕಚ್ಚಿದರೆ ಮುಖ ಊದಿಸುವ ಹುಳುವೂ ಹೌದು. ಈ ಎರಡರ ನಡುವೆ ಕನ್ನಡಿಗರಿಗೆ ಎಂದೂ ಗೊಂದಲವಾದದ್ದಿಲ್ಲ. ‘ಕಣಜ ತುಂಬಿತು’ ಎಂದರೆ ಸುಗ್ಗಿ ಮುಗಿದ ನೆಮ್ಮದಿ. ‘ಕಣಜ ಹೊಡೀತು’ ಎಂದರೆ ಸುಣ್ಣಕ್ಕಾಗಿ ಓಡಾಟ. ಮೊದಲನೆಯ ಕಣಜಕ್ಕೆ ಇಂದಿಗೂ ಒಳ್ಳೆಯ ಬಾಳು. ಕಲಬುರಗಿ ತೊಗರಿಯ ಕಣಜ, ಗಂಗಾವತಿ ಭತ್ತದ ಕಣಜ. ಬಿದಿರು ಹೆಣೆದು ಸಗಣಿ ಸಾರಿಸಿದ ಕಣಜಗಳು ಮನೆಗಳಿಂದ ಮರೆಯಾದ ಮೇಲೂ ಪದ ಖಾಲಿಯಾಗಲಿಲ್ಲ. ಕರ್ನಾಟಕ ಜ್ಞಾನ ಆಯೋಗ ಅಂತರಜಾಲದಲ್ಲಿ ಕನ್ನಡದ ಜ್ಞಾನಕೋಶವೊಂದನ್ನು ಕಟ್ಟಿದಾಗ ಅದಕ್ಕೂ ‘ಕಣಜ’ ಎಂದೇ ಹೆಸರಿಟ್ಟಿತು. ಎರಡನೆಯ ಕಣಜದ ಪಾಲಿಗೆ ಬಂದದ್ದು ಭಯ ಮಾತ್ರ.

ಹುಳುವಿನ ಹೆಸರಿಗೆ ಕಡಜ ಎಂಬ ಇನ್ನೊಂದು ರೂಪವಿದೆ. ಮಲಯಾಳದ ಕಡನ್ನಲ್ ಅದರ ನಂಟನಂತೆಯೇ ಕೇಳಿಸುತ್ತದೆ. ಆದ್ದರಿಂದ ಎರಡು ಕಣಜಗಳ ಹುಟ್ಟು ಒಂದೇ ಎಂದು ವಾದಿಸಲು ನಾನು ಹೊರಟಿಲ್ಲ. ಹೇಳಬೇಕಾದದ್ದು ಇಷ್ಟೆ: ಅಮೆರಿಕದ ಪೂರ್ವ ಭಾಗದಲ್ಲಿ, ನ್ಯೂಜೆರ್ಸಿಯಿಂದ ಕೆರೊಲಿನಾಗಳವರೆಗೆ ನಮ್ಮವರೂ ಸಾಕಷ್ಟು ಮಂದಿ ಮನೆ ಮಾಡಿಕೊಂಡಿರುವ ಕಡೆಗಳಲ್ಲಿ, ಜುಲೈ–ಆಗಸ್ಟ್ ತಿಂಗಳಲ್ಲಿ ಮನೆ ಮುಂದಿನ ಹುಲ್ಲುಹಾಸನ್ನು ತೋಡುವ ಒಂದು ಹುಳುವಿದೆ. ಅದರಲ್ಲಿ ಈ ಎರಡು ಅರ್ಥಗಳೂ ಒಟ್ಟಿಗೆ ನಿಜವಾಗುತ್ತವೆ.

ಅಲ್ಲಿನವರು ಅದನ್ನು ‘ಸಿಕಾಡ ಕಿಲ್ಲರ್’ ಎನ್ನುತ್ತಾರೆ. ಸಿಕಾಡ ಎಂದರೆ ಮರದ ಮೇಲೆ ಕೂತು ಕಿವಿ ತೂತಾಗುವಂತೆ ಕೂಗುವ ಹುಳು. ನಮ್ಮ ಪಠ್ಯಪುಸ್ತಕಗಳಲ್ಲಿ ಗಟ್ಟಿ ರೆಕ್ಕೆಯ ದುಂಬಿಗಳಿಗೂ ಜೀರುಂಡೆ ಎನ್ನುವುದುಂಟು. ಆದರೆ ಮಲೆನಾಡಿನವರಿಗೆ ಜೀರುಂಡೆ ಎಂದರೆ ಈ ಕೂಗುವ ಹುಳುವೇ. ನಾನೂ ಇಲ್ಲಿ ಮಲೆನಾಡಿನವರ ಮಾತನ್ನೇ ನಂಬಿದ್ದೇನೆ. ಇನ್ನು ‘ಕಿಲ್ಲರ್’ ಎನಿಸಿಕೊಂಡ ಕಣಜ. ಉದ್ದ ಸುಮಾರು 4 ಸೆಂಟಿಮೀಟರ್, ಕೆಲವು 5ರವರೆಗೂ ಬೆಳೆಯುತ್ತವೆ. ಕೆಂಪು ಛಾಯೆಯ ಎದೆ, ಕಪ್ಪು ಹೊಟ್ಟೆಯ ಮೇಲೆ ಹಳದಿ ಪಟ್ಟೆ, ಜೇನುಬಣ್ಣದ ರೆಕ್ಕೆ. ಇಂಗ್ಲೆಂಡಿನ ಡ್ರೂ ಡ್ರೂರಿ 1773ರಲ್ಲಿ ಇದಕ್ಕೆ ಕೊಟ್ಟ ಹೆಸರಿನಲ್ಲಿರುವ ‘ಸ್ಪೆಸಿಯೋಸಸ್’ ಎಂಬ ಲ್ಯಾಟಿನ್ ಮಾತಿಗೆ ನೋಡಲು ಚೆಂದ ಎಂದರ್ಥ. ನೋಡಿ ಹೆಸರಿಟ್ಟವನಿಗೆ ಚೆಲುವು ಕಂಡಿತು, ಊರಿನ ಬಾಯಿಗೆ ಕೊಲೆ ಕಂಡಿತು.

ಆ ಕೊಲೆ ಎಂಬ ಮಾತೇ ಸರಿಯಿಲ್ಲ. ಹೆಣ್ಣು ಕಣಜ ಮರದಲ್ಲಿ ಜೀರುಂಡೆಯನ್ನು ಹುಡುಕಿ ಹಿಡಿದು ಕೊಂಡಿಯಿಂದ ಚುಚ್ಚುತ್ತದೆ. ಜೀರುಂಡೆ ಸಾಯುವುದಿಲ್ಲ, ಅದರ ಕೈಕಾಲು ಬೀಳುತ್ತವೆ. ಬೇಟೆಯ ತೂಕ ಅನೇಕ ಸಲ ಕಣಜದ ತೂಕದ ಎರಡರಷ್ಟಿರುತ್ತದೆ. ಹೊತ್ತು ನೇರ ಹಾರಲಾಗದಿದ್ದರೆ ಮರದ ಬೊಡ್ಡೆ ಹಿಡಿದು ಮೇಲಕ್ಕೆ ಎಳೆದುಕೊಂಡು ಹೋಗಿ, ಅಲ್ಲಿಂದ ಬಿಲದ ಕಡೆಗೆ ತೇಲಿಕೊಂಡು ಇಳಿಯುತ್ತದೆ. ನೆಲದ ಅಡಿಯಲ್ಲಿ ಅದು ಮೊದಲೇ ಸುರಂಗ ಕೊರೆದು ಕೋಣೆಗಳನ್ನು ಮಾಡಿಟ್ಟಿರುತ್ತದೆ. ಜೀರುಂಡೆಯನ್ನು ಕೋಣೆಗೆ ಸೇರಿಸಿ, ಅದರ ನಡುಗಾಲಿನ ಬುಡದಲ್ಲಿ ಒಂದು ಮೊಟ್ಟೆ ಇಟ್ಟು, ಕೋಣೆಯ ಬಾಯಿಗೆ ಮಣ್ಣು ಮೆತ್ತುತ್ತದೆ. ಎರಡು ಮೂರು ದಿನಕ್ಕೆ ಮೊಟ್ಟೆಯೊಡೆದು ಬಂದ ಮರಿ ಕೂಡಿಟ್ಟದ್ದನ್ನು ತಿಂದು ಬೆಳೆಯುತ್ತದೆ. ಉಳಿಯುವುದು ಜೀರುಂಡೆಯ ಚಿಪ್ಪು ಮಾತ್ರ.

ಇದರಲ್ಲಿ ನನ್ನನ್ನು ತುಂಬ ಕಾಡಿದ್ದು ಆ ತಾಯಿಯ ಲೆಕ್ಕ. ಗಂಡಾಗುವ ಮೊಟ್ಟೆಯಿರುವ ಕೋಣೆಗೆ ಸಾಮಾನ್ಯವಾಗಿ ಒಂದು ಜೀರುಂಡೆ. ಹೆಣ್ಣಾಗುವ ಮೊಟ್ಟೆಯಿದ್ದರೆ ಎರಡು, ಕೆಲವೊಮ್ಮೆ ಇನ್ನೂ ಹೆಚ್ಚು. ಇದು ಕುರುಡು ಅದೃಷ್ಟವಲ್ಲ. ಕಣಜಗಳಲ್ಲಿ ಫಲಿತ ಮೊಟ್ಟೆ ಹೆಣ್ಣಾಗುತ್ತದೆ, ಫಲಿತವಾಗದ್ದು ಗಂಡಾಗುತ್ತದೆ. ಯಾವುದನ್ನು ಎಲ್ಲಿಡಬೇಕೆಂಬುದು ತಾಯಿಯ ಹಿಡಿತದಲ್ಲಿದೆ. ಮುಂದಿನ ವರ್ಷ ನೆಲ ತೋಡಬೇಕಾದವಳು, ತನ್ನ ಎರಡರಷ್ಟು ಭಾರ ಹೊರಬೇಕಾದವಳು ಮಗಳು. ಅವಳ ಪಾಲಿಗೆ ದುಪ್ಪಟ್ಟು ದಾಸ್ತಾನು. ಇಷ್ಟನ್ನು ಕಂಡ ಮೇಲೆ ಇದನ್ನು ಕಣಜ ಎನ್ನದೆ ಬೇರೆ ಏನೆನ್ನಲಿ? ‘ಭತ್ತದ ಕಣಜ’ ಎಂದಂತೆಯೇ ‘ಜೀರುಂಡೆಯ ಕಣಜ’ ಎಂದು ನೋಡಿ: ಜೀರುಂಡೆ ಹಿಡಿಯುವ ಹುಳು ಎಂದರೂ ಸರಿ, ಜೀರುಂಡೆ ತುಂಬಿದ ಉಗ್ರಾಣ ಎಂದರೂ ಸರಿ.

ನೆಲದೊಳಗೆ ಕೂಡಿಡುವುದು ನಮಗೂ ಹೊಸತಲ್ಲ. ರಾಗಿ, ಜೋಳದ ಸೀಮೆಯ ಹಳಬರಿಗೆ ಹಗೇವು ಗೊತ್ತು. ಆಳಕ್ಕೆ ಗುಂಡಿ ತೆಗೆದು ಕಾಳು ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಒಳಗಿನ ಗಾಳಿಯ ಆಮ್ಲಜನಕ ಕಾಳಿನ ಉಸಿರಾಟಕ್ಕೇ ಖರ್ಚಾಗಿ ಹುಳು ಬದುಕಲಾಗುತ್ತಿರಲಿಲ್ಲ. ಹಾಗೆಂದೇ ಹಗೇವು ತೆಗೆದ ಕೂಡಲೇ ಯಾರನ್ನೂ ಒಳಗಿಳಿಸುತ್ತಿರಲಿಲ್ಲ. ದೀಪ ಇಳಿಬಿಟ್ಟು ಅದು ಉರಿಯುತ್ತದೆಯೇ ಎಂದು ನೋಡುತ್ತಿದ್ದರು. ಹಗೇವು ಕಾಯುವುದು ಉಸಿರಿಲ್ಲದ ಕತ್ತಲಿನಿಂದ. ಕಣಜ ತನ್ನ ದಾಸ್ತಾನು ಕಾಯುವ ಬಗೆ ಇದಕ್ಕೆ ತಿರುಗುಮುರುಗು: ತಂದದ್ದನ್ನು ಉಸಿರಾಡುತ್ತಲೇ ಇರಲು ಬಿಡುತ್ತದೆ. ಜೀವ ಇರುವವರೆಗೆ ಕೊಳೆಯುವುದಿಲ್ಲ. ಫ್ರಾನ್ಸಿನ ಲೇಯೋನ್ ದ್ಯೂಫೂರ್ ಎಂಬ ವಿದ್ವಾಂಸ ಕಣಜದ ವಿಷದಲ್ಲಿ ಕೆಡದಂತೆ ಕಾಪಾಡುವ ರಸವೇನೋ ಇದೆ, ಬಿಲದಲ್ಲಿರುವುದು ಸತ್ತ ಹುಳು ಎಂದು ನಂಬಿದ್ದ. ಅದು ಸತ್ತಿಲ್ಲ, ಅಲುಗಾಡಲಾರದೆ ಬಿದ್ದಿದೆ ಎಂದು 1855ರಲ್ಲಿ ಬೇರೊಂದು ಜಾತಿಯ ಕಣಜವನ್ನು ನೋಡಿ ತೋರಿಸಿಕೊಟ್ಟವನು ಜಾನ್ ಆನ್ರಿ ಫಾಬ್ರ್.

ನಮ್ಮ ವಚನಕಾರರಿಗೂ ಕಣಜದ ಗೂಡು ಗೊತ್ತಿತ್ತು. ಅವರು ಅದನ್ನು ಕುಂಡಲಿಗ ಎಂದರು. ಹಿಡಿದು ತಂದ ಕೀಡೆ ಕುಂಡಲಿಗವನ್ನೇ ಧ್ಯಾನಿಸಿ ಕೊನೆಗೆ ತಾನೂ ಕುಂಡಲಿಗವಾಗುತ್ತದೆ ಎಂಬ ನಂಬಿಕೆಯನ್ನು ಭಕ್ತನ ಬದಲಾವಣೆಗೆ ಹೋಲಿಕೆಯಾಗಿ ಬಳಸಿದರು. ಸಂಸ್ಕೃತದಲ್ಲಿ ಇದೇ ಭ್ರಮರಕೀಟ ನ್ಯಾಯ. ಗೂಡಿಗೆ ಹುಳು ಹೋದದ್ದು, ಗೂಡಿನಿಂದ ಕಣಜ ಬಂದದ್ದು, ಎರಡನ್ನೂ ಅವರು ಸರಿಯಾಗಿಯೇ ಕಂಡಿದ್ದರು. ನಡುವೆ ಮುಚ್ಚಿದ ಮಣ್ಣಿನೊಳಗೆ ನಡೆದದ್ದು ಊಟ. ನಂಬಿಕೆ ಸುಳ್ಳಾದರೂ ಹೋಲಿಕೆಯ ಹೊಳಪು ನನ್ನ ಮಟ್ಟಿಗೆ ಕಡಿಮೆಯಾಗಿಲ್ಲ; ಜೀರುಂಡೆಯ ಮೈ ನಿಜಕ್ಕೂ ಕಣಜದ ಮೈಯಾಗುತ್ತದೆ.

ತುಂಬಿದ ಕಣಜಕ್ಕೆ ಕನ್ನ ಹಾಕುವವರು ಎಲ್ಲೆಡೆ ಇದ್ದಾರೆ. ಕೆಲವು ಸಣ್ಣ ನೊಣಗಳು ತಾಯಿಯ ಬೆನ್ನು ಹತ್ತಿ ಬಿಲದ ಬಾಯವರೆಗೂ ಬಂದು, ಒಳಗೆ ಹೋಗುತ್ತಿರುವ ಜೀರುಂಡೆಯ ಮೇಲೆ ತಮ್ಮ ಮರಿಗಳನ್ನು ಬಿಟ್ಟುಬಿಡುತ್ತವೆ. ಕೂಡಿಟ್ಟದ್ದು ಆ ಮರಿಗಳ ಪಾಲು. ಹಕ್ಕಿಗಳೂ ಹೊಂಚು ಹಾಕಿ ಬೇಟೆಯನ್ನು ಕಿತ್ತುಕೊಳ್ಳುತ್ತವೆ.

ಮನುಷ್ಯರಿಂದ ಆಗುವುದು ಬೇರೆ ಬಗೆಯ ಹಾನಿ, ಅದರಲ್ಲಿ ಹೆಸರಿನ ಕೈವಾಡವಿದೆ ಎಂದೇ ನಾನು ತಿಳಿದಿದ್ದೇನೆ. 2019ರ ಕೊನೆಗೆ ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದಲ್ಲಿ ಏಷ್ಯಾದ ದೈತ್ಯ ಕಡಜವೊಂದು ಸಿಕ್ಕಿತು. ಪತ್ರಿಕೆಗಳು ಅದನ್ನು ‘ಮರ್ಡರ್ ಹಾರ್ನೆಟ್’ ಎಂದು ಕೂಗಿದವು. ಆ ದೈತ್ಯನ ಸುಳಿವೇ ಇಲ್ಲದ ಪೂರ್ವ ರಾಜ್ಯಗಳಲ್ಲಿ ಜನ ಗಾಬರಿಬಿದ್ದು, ಗಾತ್ರದಲ್ಲಿ ಹತ್ತಿರವಿದ್ದ ಈ ಬಡಪಾಯಿ ಕಣಜವನ್ನೇ ಅದೆಂದು ತಿಳಿದು ಕೊಂದರು. ಅಮೆರಿಕದ ಕೀಟಶಾಸ್ತ್ರ ಸಂಘ 2022ರಲ್ಲಿ ಆ ದೈತ್ಯ ಕಡಜಕ್ಕೆ ‘ನಾರ್ದರ್ನ್ ಜಯಂಟ್ ಹಾರ್ನೆಟ್’ ಎಂಬ ಸೌಮ್ಯವಾದ ಹೆಸರು ಕೊಟ್ಟಿತು. 2024ರ ಡಿಸೆಂಬರಿನಲ್ಲಿ ಅದು ದೇಶದಿಂದ ನಿರ್ಮೂಲವಾಯಿತೆಂಬ ಘೋಷಣೆಯೂ ಆಯಿತು. ಹುಲ್ಲುಹಾಸಿನ ಕಣಜಕ್ಕೆ ಮಾತ್ರ ‘ಕಿಲ್ಲರ್’ ಅಂಟಿಕೊಂಡೇ ಇದೆ.

ಮುಖದ ಹತ್ತಿರ ಬಂದು ಗುಂಯ್‌ಗುಟ್ಟಿ ಹೆದರಿಸುವುದು ಗಂಡು. ಅದು ತನ್ನ ಜಾಗ ಕಾಯುತ್ತಿರುತ್ತದೆ, ಅದಕ್ಕೆ ಕೊಂಡಿಯೇ ಇಲ್ಲ. ಕೊಂಡಿ ಇರುವ ಹೆಣ್ಣು ಕೈಯಲ್ಲಿ ಹಿಡಿದರೆ, ಬರಿಗಾಲಲ್ಲಿ ತುಳಿದರೆ ಚುಚ್ಚೀತು. ಗೂಡು ಕಾಯಲು ಅಟ್ಟಿಸಿಕೊಂಡು ಬರುವುದಿಲ್ಲ. ಆದರೆ ಹುಲ್ಲಿನಲ್ಲಿ ಕಂಡ ಎಲ್ಲ ತೂತೂ ಇದರದ್ದಲ್ಲ. ಒಂದೇ ತೂತಿನಿಂದ ಸಣ್ಣ ಗಾತ್ರದ ಹತ್ತಾರು ಹುಳುಗಳು ಎಡೆಬಿಡದೆ ಬಂದು ಹೋಗುತ್ತಿದ್ದರೆ ಅದು ಯೆಲ್ಲೋಜಾಕೆಟ್ ಎಂಬ ಗುಂಪು ಕಣಜದ ಗೂಡು. ಅದರ ಮೇಲೆ ಹುಲ್ಲು ಕೊಯ್ಯುವ ಯಂತ್ರ ಹಾಯಿಸಿದರೆ ಹಿಂಡೇ ಮೇಲೆ ಬೀಳುತ್ತದೆ. ಮಕ್ಕಳಿರುವ ಮನೆಯವರು ತಿಳಿದವರನ್ನು ಕರೆಸಿ ತೆಗೆಸುವುದೇ ಒಳ್ಳೆಯದು. ಬೆರಳಗಲದ ತೂತು, ಅದರ ಮುಂದೆ ಅಗೆದು ಹಾಕಿದ ಸಡಿಲ ಮಣ್ಣಿನ ದಿಬ್ಬ, ಒಳಗೆ ಹೋಗುವ ಒಂಟಿ ದೊಡ್ಡ ಹುಳು, ಇಷ್ಟು ಕಂಡರೆ ಅದು ಜೀರುಂಡೆಯ ಕಣಜ. ಅದಕ್ಕೆ ಬೇಕಾದದ್ದು ಹುಲ್ಲು ಸರಿಯಾಗಿ ಹಿಡಿಯದ, ಮರಳು ಮಿಶ್ರಿತ ಒಣ ನೆಲ. ಬೇಡವೆನಿಸಿದವರು ಅಲ್ಲಿ ನೀರು ಹಾಯಿಸಿ ಹುಲ್ಲನ್ನು ದಟ್ಟವಾಗಿ ಬೆಳೆಸಿದರೆ ಮುಂದಿನ ವರ್ಷಗಳಲ್ಲಿ ಅದು ಬೇರೆ ಜಾಗ ನೋಡಿಕೊಳ್ಳುತ್ತದೆ. ವಿಷದ ಪುಡಿ ಬೇಕಿಲ್ಲ. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ದೊಡ್ಡ ಹುಳುಗಳೆಲ್ಲ ತಾವಾಗಿಯೇ ಸತ್ತಿರುತ್ತವೆ.