ಹಳೇ ಎಂಜಿನ್‌ಗೆ ಡಿಜಿಟಲ್ ಸಾರಥ್ಯ

ಡಿಸಿ ಕರೆಂಟಿನ ಮಾದರಿ ರೈಲುಗಳಲ್ಲಿ ವೇಗದ ಗುಂಡಿ ತಿರುಗಿಸಿದರೆ ಆ ಹಳಿಯ ಮೇಲಿರುವ ಎಂಜಿನ್‌ಗಳೆಲ್ಲ ಒಟ್ಟಿಗೇ ಹೊರಡುತ್ತವೆ, ಒಟ್ಟಿಗೇ ನಿಲ್ಲುತ್ತವೆ. ಎರಡನ್ನು ಬೇರೆ ಬೇರೆಯಾಗಿ ಓಡಿಸಬೇಕಿದ್ದರೆ ಹಳಿಯನ್ನು ವಿಭಾಗ ಮಾಡಿ, ಒಂದೊಂದಕ್ಕೂ ಸ್ವಿಚ್ಚು ಜೋಡಿಸಿ, ರೈಲು ಸರಿದಂತೆಲ್ಲ ಸ್ವಿಚ್ಚು ಬದಲಿಸುತ್ತಾ ಹೋಗಬೇಕು. ಈ ತಾಪತ್ರಯ ತಪ್ಪಿಸಲು ಎಂಜಿನ್ನಿನೊಳಗೇ ನಿಯಂತ್ರಣ ಕೂರಿಸುವ ಪ್ರಯತ್ನ ಅರ್ಧ ಶತಮಾನಕ್ಕೂ ಹಳೆಯದು. ಈ ಅವಧಿಯಲ್ಲಿ ಚಿಪ್ಪುಗಳು ಕುಗ್ಗಿವೆ, ಜಾಣವಾಗಿವೆ. ಹಳೆಯ ಮೋಟಾರು ಒಡ್ಡುವ ಸವಾಲು ಮಾತ್ರ ಹೆಚ್ಚುಕಡಿಮೆ ಹಾಗೇ ಇದೆ.

ಅಮೆರಿಕದ ಜನರಲ್ ಎಲೆಕ್ಟ್ರಿಕ್ 1960ರ ದಶಕದಲ್ಲೇ ಆಸ್ಟ್ರಾಕ್ ವ್ಯವಸ್ಥೆಯಿಂದ ಒಂದೇ ಹಳಿಯಲ್ಲಿ 5 ಎಂಜಿನ್‌ಗಳನ್ನು ಪ್ರತ್ಯೇಕವಾಗಿ ನಡೆಸುವ ದಾರಿ ತೋರಿಸಿತು. 1979ರಲ್ಲಿ ಬಂದ ಬ್ರಿಟನ್ನಿನ ಹಾರ್ನ್‌ಬಿ ಜೀರೋ 1, ಮೈಕ್ರೊಪ್ರೊಸೆಸರ್ ಬಲದಿಂದ 16ನ್ನು ಸಂಭಾಳಿಸುತ್ತಿತ್ತು. ಕೈಯಲ್ಲಿರುವ ಎಂಜಿನ್ನಿಗೆ ಮಾಡ್ಯೂಲನ್ನು ಹವ್ಯಾಸಿಗಳೇ ಕೂರಿಸಿಕೊಳ್ಳತೊಡಗಿದರು. 1980ರ ದಶಕದ ಮಧ್ಯದಲ್ಲಿ ಜರ್ಮನಿಯ ಮಾರ್ಕ್ಲಿನ್ ಕೂಡ ಡಿಜಿಟಲ್ ಆಯಿತು. ಆದರೆ ಒಬ್ಬರ ಚಿಪ್ಪು ಇನ್ನೊಬ್ಬರ ಕಂಟ್ರೋಲರಿಗೆ ಒಗ್ಗುತ್ತಿರಲಿಲ್ಲ. ಕಂಪನಿ ವ್ಯವಸ್ಥೆಯನ್ನೇ ಕೈಬಿಟ್ಟರೆ ಪಟ್ಟ ಶ್ರಮವೆಲ್ಲ ನೀರುಪಾಲು.

ಇದಕ್ಕೆ ಕೊನೆ ಹಾಡಿದ್ದು ಡಿಸಿಸಿ, ಅಂದರೆ ಡಿಜಿಟಲ್ ಕಮಾಂಡ್ ಕಂಟ್ರೋಲ್. ಜರ್ಮನಿಯ ಬೆರ್ನ್ಡ್ ಲೆನ್ಜ್ ರೂಪಿಸಿದ ಪದ್ಧತಿಯ ಬುನಾದಿಯ ಮೇಲೆ ಅಮೆರಿಕದ ಮಾದರಿ ರೈಲು ಸಂಘ ಎನ್‌ಎಂಆರ್‌ಎ 1994ರಲ್ಲಿ ಎಲ್ಲರಿಗೂ ಮುಕ್ತವಾದ ಮಾನದಂಡ ಅಂಗೀಕರಿಸಿತು. ಇಲ್ಲಿ ಹಳಿಯಲ್ಲಿ ಪೂರ್ತಿ ವೋಲ್ಟೇಜು ಸದಾ ಇರುತ್ತದೆ. ಅದರ ಧ್ರುವ ಮಾತ್ರ ಸರಸರನೆ ಅದಲುಬದಲಾಗುತ್ತದೆ. ಅರ್ಧ ಅಲೆ 58 ಮೈಕ್ರೊಸೆಕೆಂಡಿನದಾದರೆ ಅದು 1, ಸುಮಾರು 100 ಅಥವಾ ಹೆಚ್ಚಿನದಾದರೆ 0. ಹೀಗೆ ಹೆಣೆದ ಸಂದೇಶದಲ್ಲಿ ತನ್ನ ವಿಳಾಸ ಕಂಡ ಡಿಕೋಡರ್ (ಎಂಜಿನ್ನಿನೊಳಗಿನ ನಿಯಂತ್ರಕ ಚಿಪ್ಪು) ಮಾತ್ರ ಮೋಟಾರನ್ನು ತಿರುಗಿಸುತ್ತದೆ.

ಮಾನದಂಡ ಬಂದರೂ ಹಳೆಯ ಎಂಜಿನ್ ಬಿಚ್ಚುವ ಕೆಲಸ ತಪ್ಪಲಿಲ್ಲ. ಅಮೆರಿಕದಲ್ಲಿ ನೀಲಿ ಪೆಟ್ಟಿಗೆಯಲ್ಲಿ ಬರುತ್ತಿದ್ದ ಅಥರ್ನ್ ಡೀಸೆಲ್ ಎಂಜಿನ್‌ಗಳನ್ನೇ ನೋಡಿ. ಮೋಟಾರಿನ ಕೆಳಗಿನ ಬ್ರಷ್ ಕ್ಲಿಪ್ಪು ನೇರ ಲೋಹದ ಚಾಸಿಗೆ ತಾಗಿಕೊಂಡಿರುತ್ತದೆ, ಚಾಸಿಯಿಂದಲೇ ಹಳಿಯ ಕರೆಂಟು ಬರುತ್ತದೆ. ಹಾಗೇ ಬಿಟ್ಟು ಡಿಕೋಡರ್ ಜೋಡಿಸಿದರೆ ಅದು ಸುಟ್ಟಂತೆಯೇ. ಕ್ಲಿಪ್ಪಿನ ಮುಳ್ಳುಗಳನ್ನು ಕತ್ತರಿಸಿ, ಅಡಿಗೆ ಕ್ಯಾಪ್ಟಾನ್ ಟೇಪು ಹಾಸಿ, ಚಾಸಿಗೂ ಬ್ರಷ್‌ಗೂ ಸಂಪರ್ಕವಿಲ್ಲವೆಂದು ಮೀಟರಿನಿಂದ ಖಾತ್ರಿ ಮಾಡಿಕೊಳ್ಳಬೇಕು. ಆಮೇಲೆ ಬೆಸುಗೆ: ಕೆಂಪು, ಕಪ್ಪು ವೈರು ಹಳಿಯ ಕಡೆಗೆ, ಕಿತ್ತಳೆ, ಬೂದು ಮೋಟಾರಿಗೆ. ಅದಕ್ಕೂ ಮೊದಲು 12 ವೋಲ್ಟ್ ಕೊಟ್ಟು ಮೋಟಾರನ್ನು ಅರೆಕ್ಷಣ ಬಿಗಿಹಿಡಿದು ಎಷ್ಟು ಕರೆಂಟು ಎಳೆಯುತ್ತದೆಂದು ಅಳೆಯಬೇಕು. ಹಳೆಯ ಮೋಟಾರುಗಳಲ್ಲಿ ಅದು 1 ಆಂಪಿಯರ್ ದಾಟುವುದುಂಟು. ಡಿಕೋಡರ್ ಅಷ್ಟನ್ನೂ ತಾಳಬೇಕು.

ಮುಂದಿನ ವರ್ಷಗಳಲ್ಲಿ ಸುಧಾರಣೆ ಎರಡು ದಿಕ್ಕಿನಿಂದ ಬಂತು. ಹೊಸ ಎಂಜಿನ್‌ಗಳಲ್ಲಿ ಕಾರ್ಖಾನೆಯವರೇ 8 ಅಥವಾ 21 ಪಿನ್ನಿನ ಸಾಕೆಟ್ ಇಟ್ಟುಕೊಟ್ಟರು. ಹಳೆಯವಕ್ಕೆ ಒದಗಿದ್ದು ಬ್ಯಾಕ್ ಇಎಂಎಫ್: ಮೋಟಾರು ತಿರುಗುವಾಗ ಹಿಂದಕ್ಕೆ ಒತ್ತುವ ವೋಲ್ಟೇಜನ್ನು ಅಳೆದು ಡಿಕೋಡರೇ ವೇಗ ತಿದ್ದುವ ವಿದ್ಯೆ. ಇದರಿಂದ ಒರಟು ಮೋಟಾರೂ ನಿಧಾನಗತಿಯಲ್ಲಿ ನಯವಾಗಿ ನಡೆಯಿತು. ರೇಡಿಯೋ ಗದ್ದಲ ತಡೆಯಲು ಹಿಂದೆ ಹಾಕಿದ್ದ ಕೆಪಾಸಿಟರ್ ಈ ಅಳತೆ ಕೆಡಿಸುವುದರಿಂದ ಅದನ್ನು ಕೀಳುವುದು ರೂಢಿಯಾಯಿತು. ಡಿಕೋಡರ್ ಹೊಂದಿಸಲು ಜೆಎಂಆರ್‌ಐ ಎಂಬ ಉಚಿತ ತಂತ್ರಾಂಶ ಸಿಕ್ಕಿತು; ಅದರ ಸುತ್ತ ಹುಟ್ಟಿದ ಮೊಕದ್ದಮೆಯಲ್ಲೇ 2008ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಮುಕ್ತ ತಂತ್ರಾಂಶದ ಲೈಸೆನ್ಸ್ ಷರತ್ತುಗಳಿಗೆ ಕಾನೂನಿನ ಬಲವಿದೆ ಎಂದಿತು.

ಈಗ ಚರ್ಚೆ ಇರುವುದು ಎಷ್ಟರಮಟ್ಟಿಗೆ ಬದಲಿಸಬೇಕೆಂಬುದರಲ್ಲಿ. ಮೋಟಾರನ್ನೇ ತೆಗೆದು ಹೊಸದು ಕೂರಿಸುವವರಿದ್ದಾರೆ. ಮೂಲ ಭಾಗಗಳನ್ನು ಜೋಪಾನವಾಗಿಟ್ಟು, ಬೇಕಾದಾಗ ಮೊದಲಿನಂತಾಗಿಸುವ ಹಾಗೆ ಮಾಡುವ ಸಂಗ್ರಾಹಕರೂ ಇದ್ದಾರೆ. ಇಬ್ಬರಿಗೂ ಸಲ್ಲುವ ಮಾತೊಂದಿದೆ. ಸವೆದ ಗೇರು, ಕೊಳೆ ಹಿಡಿದ ಚಕ್ರಗಳಿಗೆ ಡಿಕೋಡರ್ ಮದ್ದಲ್ಲ. ಹಳಿಯ ಸಂಪರ್ಕ ಕ್ಷಣ ತಪ್ಪಿದರೂ ಅದು ಆರಿ ಮತ್ತೆ ಮೊದಲಿಂದ ಶುರುವಾಗಬಹುದು. ಹಾಗಾಗಿ ಡಿಸಿಯಲ್ಲಿ ಮುಗ್ಗರಿಸುವ ಎಂಜಿನ್ನಿಗೆ ಮೊದಲು ಬೇಕಾದ್ದು ಶುಚಿ, ಎಣ್ಣೆ, ರಿಪೇರಿ, ಚಿಪ್ಪು ಆಮೇಲೆ.