ಪರವಾನಗಿಯ ವಿನೋದ

ಚೇಷ್ಟೆಯ ಸ್ವಭಾವದವನನ್ನು ಇಂಗ್ಲಿಷರು ‘ವ್ಯಾಗಿಷ್’ ಎಂದು ವಿಶೇಷಿಸುವುದುಂಟು. ಇದು ಪ್ರಾಯಶಃ ‘ನೇಣುಹಗ್ಗದಲ್ಲಿ ತೂಗಾಡತಕ್ಕವನು’ ಎಂಬ ಹಳೆಯ ಬೈಗುಳೊಂದರ ತುಂಡೆಂದು ನಿಘಂಟುಕಾರರ ಊಹೆ. ತುಂಟ ಹುಡುಗರನ್ನು ಅಕ್ಕರೆಯಿಂದ ಗದರಿಸುವ ಮಾತೇ ಆಗಿದ್ದರೂ, ಆ ನಾಡಿನ ಅರಮನೆಗಳಲ್ಲಿ ವಿನೋದವನ್ನೇ ವೃತ್ತಿಯಾಗಿಸಿಕೊಂಡವರ ಚರಿತ್ರೆಯನ್ನು ನೋಡಿದರೆ ಹಗ್ಗವು ಅಷ್ಟೇನೂ ದೂರವಿರಲಿಲ್ಲ.

ತನ್ನ ಇಬ್ಬರು ರಾಣಿಯರ ಶಿರಚ್ಛೇದ ಮಾಡಿಸಿದ ಎಂಟನೆಯ ಹೆನ್ರಿಯ ಆಸ್ಥಾನದಲ್ಲಿ ವಿಲ್ ಸಮ್ಮರ್ಸ್ ಎಂಬ ವಿದೂಷಕನು ಬಾಳಿ, ಅರಸನಿಗಿಂತಲೂ ಹೆಚ್ಚು ಕಾಲ ಬದುಕಿ, 1560ರಲ್ಲಿ ತೀರಿಕೊಂಡನು. ಹೆನ್ರಿಯ ಪ್ರಾರ್ಥನಾಗ್ರಂಥದ ಒಂದು ಚಿತ್ರದಲ್ಲಿ ದೊರೆಯು ಹಾರ್ಪ್ ನುಡಿಸುತ್ತ ಕುಳಿತಿದ್ದರೆ ಸಮ್ಮರ್ಸ್ ಅತ್ತ ಮುಖ ತಿರುಗಿಸಿ ನಿಂತಿದ್ದಾನೆ. ಮಂತ್ರಿಗಳಿಗೆ ಎಲ್ಲಿಯ ಆ ಸ್ವಾತಂತ್ರ್ಯ!

ಆರ್ಚಿಬಾಲ್ಡ್ ಆರ್ಮ್‌ಸ್ಟ್ರಾಂಗನದು ಬೇರೆ ಬಗೆ. ಒಂದನೆಯ ಜೇಮ್ಸನಿಗೂ ಅವನ ಮಗ ಚಾರ್ಲ್ಸನಿಗೂ ವಿದೂಷಕನಾಗಿದ್ದ ಈತನು, 1623ರಲ್ಲಿ ರಾಜಕುಮಾರನ ವಿವಾಹಸಂಧಾನ ನಡೆದಾಗ ಸ್ಪೇನಿಗೂ ಹೋಗಿಬಂದವನು, ಬಾಯಿಬಡುಕ, ದುಡ್ಡಿನಾಸೆಯವನು. ಅವನ ಹಾಸ್ಯಕ್ಕೆ ನಿತ್ಯದ ಗುರಿ ಆರ್ಚ್‌ಬಿಷಪ್ ವಿಲಿಯಂ ಲಾಡ್. ಆ ಹೆಸರಿಗೆ ಸ್ತುತಿಯೆಂಬ ಅರ್ಥವೂ ಉಂಟು, ಮನುಷ್ಯನೋ ಕುಳ್ಳ; ಊಟದ ಮುನ್ನಿನ ಪ್ರಾರ್ಥನೆಯಲ್ಲಿ ದೇವರಿಗೆ ದೊಡ್ಡ ಸ್ತುತಿಯನ್ನೂ ಸೈತಾನನಿಗೆ ‘ಪುಟ್ಟ ಲಾಡ’ನನ್ನೂ ಅರ್ಪಿಸಿ ಆರ್ಚಿ ಸಭೆಯನ್ನು ನಗಿಸಿದನೆಂದು ಹೇಳುತ್ತಾರೆ. ಅದನ್ನು ಸಹಿಸಿಕೊಂಡರು. ಆದರೆ 1637ರಲ್ಲಿ ಲಾಡನ ಪ್ರೇರಣೆಯಿಂದ ಹೇರಿದ ಹೊಸ ಪ್ರಾರ್ಥನಾವಿಧಿಗೆ ಎದುರಾಗಿ ಎಡಿನ್‌ಬರೋ ಇಗರ್ಜಿಯಲ್ಲಿ ಪೀಠಗಳು ಹಾರಾಡಿ, ದಂಗೆಯ ವಾರ್ತೆ ಬಂದ ಮೇಲೆ, ಆಲೋಚನಾಸಭೆಗೆ ಹೊರಟ ಆರ್ಚ್‌ಬಿಷಪ್ಪನನ್ನು ತಡೆದು, ಈಗ ಮೂರ್ಖನು ಯಾರೆಂದು ಆರ್ಚಿ ಕೇಳಿಬಿಟ್ಟನು. 1638ರ ಮಾರ್ಚಿನಲ್ಲಿ ಅರಸನೂ ಸಭಿಕರೂ ಕೂಡಿ, ವಿದೂಷಕನ ಅಂಗಿಯನ್ನು ತಲೆಯ ಮೇಲಿಂದ ಕಳಚಿ ಆಸ್ಥಾನದಿಂದ ಅಟ್ಟಬೇಕೆಂದು ಆಜ್ಞೆಯಿತ್ತರು.

ಶ್ಲೇಷೆಗೆ ದೊರೆತ ಕ್ಷಮೆ ಸತ್ಯಕ್ಕೆ ದೊರೆಯಲಿಲ್ಲ. ಸಿಂಹಾಸನವು ಸ್ಥಿರವಾಗಿರುವವರೆಗೆ ಮಾತ್ರವೇ ಅದರ ಪಕ್ಕದಲ್ಲಿ ನಗುವವನಿಗೆ ಸ್ಥಳವಿರುತ್ತದೆ; ಚಾರ್ಲ್ಸನದು ಆಗಲೇ ಅಲುಗತೊಡಗಿತ್ತು. ಆರ್ಚಿಯ ಬಳಿಕ ಬಂದ ಮಕ್ಕಲ್ ಜಾನನೊಡನೆ ಆ ಉದ್ಯೋಗವೇ ಮುಗಿಯಿತು. ಲಾಡನ ತಲೆ 1645ರಲ್ಲಿಯೂ ಅರಸನದು 1649ರಲ್ಲಿಯೂ ಉರುಳಿದವು. ಆರ್ಚಿಯು ಕಂಬರ್ಲೆಂಡಿನಲ್ಲಿ ನೆಲೆಸಿ ಮುದುಕನಾಗಿ ಸತ್ತನು. ಆರ್ಥುರೆಟ್ ಗ್ರಾಮದಲ್ಲಿ ಅವನನ್ನು ಮಣ್ಣು ಮಾಡಿದ್ದು 1672ರ ಏಪ್ರಿಲ್ 1ರಂದು.