ಸದ್ದಿಲ್ಲದ ಗಾಲಿಯೂ ಕಾಡಿನ ಜೀವಿಗಳೂ

ಎತ್ತಿನ ಗಾಡಿಯ ಕಾಲದಲ್ಲಿ ಮನುಷ್ಯನು ಕಾಡುದಾರಿಯಲ್ಲಿ ಬರುತ್ತಿರುವ ಸುದ್ದಿಯು ಅವನಿಗಿಂತ ಮೊದಲೇ ಕಾಡನ್ನು ಮುಟ್ಟುತ್ತಿತ್ತು. ಎತ್ತಿನ ಕೊರಳ ಗಂಟೆಯನ್ನೂ ಗಾಲಿಯ ಕಿರುಗುಟ್ಟುವಿಕೆಯನ್ನೂ ಕೇಳಿದ ಮೃಗಗಳಿಗೆ ಪಕ್ಕಕ್ಕೆ ಸರಿಯಲು ಸಮಯವಿರುತ್ತಿತ್ತು. ಸೈಕಲ್ಲು ಬಂದ ಮೇಲೆ ಈ ಮುನ್ಸೂಚನೆ ಇಲ್ಲವಾಯಿತು. ನಡೆಯುವವನಿಗಿಂತ ವೇಗವಾಗಿಯೂ ಗಾಡಿಗಿಂತ ನಿಶ್ಶಬ್ದವಾಗಿಯೂ ಸಾಗುವ ಈ ವಾಹನದಿಂದಾಗಿ ಮಾನವನೂ ವನ್ಯಜೀವಿಯೂ ಹಠಾತ್ತನೆ ಮುಖಾಮುಖಿಯಾಗತೊಡಗಿದರು. ಈ ಭೇಟಿಗಳ ಚರಿತ್ರೆ ಸ್ವಾರಸ್ಯಕರವಾದುದು ಮಾತ್ರವಲ್ಲ, ನಮಗೆ ಪಾಠ ಕಲಿಸುವಂಥದೂ ಆಗಿದೆ.

ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ 1817ರಲ್ಲಿ ಮಾನ್‌ಹೈಮ್ ನಗರದಲ್ಲಿ ಓಡಿಸಿ ತೋರಿಸಿದ ಯಂತ್ರಕ್ಕೆ ಪೆಡಲೇ ಇರಲಿಲ್ಲ. ಸವಾರನು ಕಾಲಿನಿಂದ ನೆಲವನ್ನು ಒದೆಯುತ್ತಾ ಸಾಗಬೇಕಾಗಿತ್ತು. ಮುಂದೆ ಎತ್ತರದ ಮುಂಗಾಲಿಯ ಸೈಕಲ್ಲುಗಳು ಬಂದವು. ಅಂಥದೊಂದನ್ನೇರಿ ಥಾಮಸ್ ಸ್ಟೀವನ್ಸ್ ಎಂಬ ಸಾಹಸಿಯು 1884ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಪಶ್ಚಿಮ ತೀರದಿಂದ ಹೊರಟು, ಆಗಸ್ಟ್ ತಿಂಗಳಲ್ಲಿ ಪೂರ್ವ ತೀರದ ಬಾಸ್ಟನ್ ನಗರವನ್ನು ಸೇರಿದನು. ಮಾರ್ಗಮಧ್ಯದಲ್ಲಿ ನೆವಾಡದ ನಿರ್ಜನ ಬೆಟ್ಟಗಳಲ್ಲಿ ಪ್ಯೂಮಾ ಎಂಬ ಪರ್ವತಸಿಂಹವು ಎದುರಾದಾಗ ಅವನು ರಿವಾಲ್ವರ್ ಹಾರಿಸಿದನು. ಇನ್ನೊಂದೆಡೆ ಬುಡುಬುಡಿಕೆ ಹಾವೊಂದು ಅವನ ಕಾಲನ್ನು ಕಚ್ಚಲೆರಗಿತು. ತೊಟ್ಟಿದ್ದ ದಪ್ಪ ಕ್ಯಾನ್ವಾಸ್ ಕಾಲುಪಟ್ಟಿಯೇ ಅವನನ್ನು ಕಾಪಾಡಿತು. ಇದೇ ಸ್ಟೀವನ್ಸನು 1886ರಲ್ಲಿ ಲಾಹೋರಿನಿಂದ ಕಲ್ಕತ್ತೆಯವರೆಗೆ ನಮ್ಮ ದೇಶದ ಗ್ರಾಂಡ್ ಟ್ರಂಕ್ ರಸ್ತೆಯಲ್ಲಿಯೂ ಸೈಕಲ್ ತುಳಿದನು.

1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ತಯಾರಿಸಿದ ‘ರೋವರ್’ ಸೈಕಲ್ಲು ಸವಾರನನ್ನು ನೆಲಕ್ಕೆ ಹತ್ತಿರ ತಂದಿತು. 1888ರಲ್ಲಿ ಬೆಲ್‌ಫಾಸ್ಟಿನ ಡನ್ಲಪ್ ರೂಪಿಸಿದ ಗಾಳಿ ತುಂಬಿದ ಟೈರು ಗಾಲಿಯ ಗಡಗಡ ಸದ್ದನ್ನೂ ಅಡಗಿಸಿತು. ಆ ಶತಮಾನ ಮುಗಿಯುವ ಹೊತ್ತಿಗೆ ಫ್ರಾನ್ಸಿನಲ್ಲಿ, ಬೆನ್ನಟ್ಟುವ ನಾಯಿಗಳಿಂದ ಪಾರಾಗಲೆಂದು ‘ವೆಲೊ ಡಾಗ್’ ಎಂಬ ಕಿರು ರಿವಾಲ್ವರನ್ನು ಸೈಕಲ್ ಸವಾರರಿಗಾಗಿಯೇ ಮಾರುತ್ತಿದ್ದರು. ಭಯಕ್ಕೆ ಆಯುಧವೇ ಉತ್ತರವೆಂದು ಅಂದಿನವರು ಭಾವಿಸಿದ್ದರು.

ಆದರೆ ಪ್ರಾಣಿಯು ಎರಗುವುದು ಹಲವೊಮ್ಮೆ ದ್ವೇಷದಿಂದಲ್ಲ, ದಿಗಿಲಿನಿಂದ ಅಥವಾ ಮರಿಗಳ ಮೇಲಿನ ಮಮತೆಯಿಂದ. ಆಸ್ಟ್ರೇಲಿಯದ ಮ್ಯಾಗ್‌ಪೈ ಎಂಬ ಕಪ್ಪು-ಬಿಳುಪು ಹಕ್ಕಿ ವಸಂತಕಾಲದಲ್ಲಿ ಸೈಕಲ್ ಸವಾರರ ತಲೆಯ ಮೇಲೆ ಎರಗುವುದು ಅಲ್ಲಿ ಸರ್ವವಿದಿತ. ಎರಗುವುದು ಗೂಡನ್ನು ಕಾಯುವ ಗಂಡುಹಕ್ಕಿ. ಅದೂ ಗಂಡುಗಳಲ್ಲಿ ಸುಮಾರು ಹತ್ತಕ್ಕೊಂದು ಮಾತ್ರ. ಸೈಕಲ್ಲಿನಿಂದಿಳಿದು ನಡೆದು ಹೋಗಿರಿ ಎಂಬುದೇ ಅಲ್ಲಿನ ತಜ್ಞರ ಸಲಹೆ. 2019ರಲ್ಲಿ ವೊಲಂಗಾಂಗ್ ಪ್ರದೇಶದಲ್ಲಿ ಹಕ್ಕಿಯನ್ನು ತಪ್ಪಿಸಲು ಹೋದ ವೃದ್ಧ ಸವಾರರೊಬ್ಬರು ಬಿದ್ದು ಪ್ರಾಣ ಕಳೆದುಕೊಂಡರು.

2016ರ ಜೂನ್ ತಿಂಗಳಲ್ಲಿ ಅಮೆರಿಕದ ಮೊಂಟಾನದಲ್ಲಿ ನಡೆದುದು ಇನ್ನೂ ದಾರುಣ. ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಸಮೀಪದ ಕಾಡುದಾರಿಯ ತಿರುವಿನಲ್ಲಿ ವೇಗವಾಗಿ ಬಂದ ಸವಾರರೊಬ್ಬರು ಗ್ರಿಜ್ಲಿ ಕರಡಿಗೆ ಡಿಕ್ಕಿ ಹೊಡೆದರು. ಕರಡಿಯ ದಾಳಿಗೆ ಬಲಿಯಾದರು. ಎಚ್ಚೆತ್ತುಕೊಳ್ಳಲು ಇಬ್ಬರಿಗೂ ಒಂದೆರಡು ಕ್ಷಣಗಳಷ್ಟೇ ಇದ್ದವು. ಸೈಕಲ್ಲಿನ ವೇಗ ಮತ್ತು ಮೌನಗಳೆರಡೂ ಕೂಡಿದಾಗ ಇಂಥ ಅಪಾಯ ಹೆಚ್ಚುವುದೆಂಬುದು ಆ ದುರಂತದ ತನಿಖೆಯಿಂದ ಮನವರಿಕೆಯಾಯಿತು.

2024ರ ಫೆಬ್ರುವರಿಯಲ್ಲಿ ಅಮೆರಿಕದ ವಾಷಿಂಗ್‌ಟನ್ ರಾಜ್ಯದಲ್ಲಿ ಐವರು ಮಹಿಳೆಯರು ಸೈಕಲ್ ಸವಾರಿ ಹೊರಟಿದ್ದಾಗ ಪ್ಯೂಮಾ ಒಂದು ಅವರಲ್ಲೊಬ್ಬರ ಮೇಲೆರಗಿ ಮುಖವನ್ನು ಕಚ್ಚಿ ಹಿಡಿಯಿತು. ಜೊತೆಯವರು ಓಡಿ ಹೋಗಲಿಲ್ಲ. ಕೈಗೆ ಸಿಕ್ಕಿದುದರಿಂದ ಹೋರಾಡಿ ಗೆಳತಿಯನ್ನು ಬಿಡಿಸಿಕೊಂಡರು; ಅಧಿಕಾರಿಯು ಬರುವವರೆಗೆ ಸುಮಾರು 45 ನಿಮಿಷಗಳ ಕಾಲ ಆ ಮೃಗವನ್ನು ಸೈಕಲ್ಲಿನಡಿಯಲ್ಲೇ ಅದುಮಿ ಹಿಡಿದರು. ಅಧಿಕಾರಿಯು ಮೃಗವನ್ನು ಕೊಲ್ಲಬೇಕಾಯಿತು. ಗಾಯಗೊಂಡವರು ಬದುಕಿ ಉಳಿದರು. ಕಿಸೆಯಲ್ಲಿನ ರಿವಾಲ್ವರಿಗಿಂತ ಕೈಬಿಡದ ಸಂಗಾತಿಗಳು ದೊಡ್ಡವರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಪ್ರಿಯ ವಾಚಕರೇ, ಇವು ದೂರದೇಶದ ಸಂಗತಿಗಳೆಂದು ತಳ್ಳಿಹಾಕುವಂತಿಲ್ಲ. ನಮ್ಮ ಕೊಡಗು, ಹಾಸನ ಜಿಲ್ಲೆಗಳ ಕಾಫಿ ತೋಟಗಳಲ್ಲಿ ಕಾಡಾನೆಗಳು ಸಂಚರಿಸುತ್ತವೆ. ಮುಂಜಾನೆ ಕೆಲಸಕ್ಕೆ ಹೊರಟ ಕೂಲಿಕಾರರು ಅವುಗಳಿಗೆ ಬಲಿಯಾದದ್ದುಂಟು. ಮಂಜು ಮುಸುಕಿದ ಹೊತ್ತಿನಲ್ಲಿ ಒಬ್ಬಂಟಿಯಾಗಿ ಹೊರಡದಿರುವುದು, ತಿರುವಿನಲ್ಲಿ ವೇಗ ತಗ್ಗಿಸುವುದು, ಆನೆ ಕಂಡಲ್ಲಿ ದೂರದಲ್ಲೇ ನಿಂತು ಹಿಂದಿರುಗುವುದು, ಇವು ಹೇಡಿತನವಲ್ಲ, ವಿವೇಕ. ಇನ್ನೂರು ವರ್ಷಗಳಲ್ಲಿ ಸೈಕಲ್ಲು ಎಷ್ಟೋ ಬದಲಾಗಿದೆ. ಬೆಚ್ಚಿಬಿದ್ದ ಪ್ರಾಣಿಯ ಸ್ವಭಾವ ಬದಲಾಗಿಲ್ಲ. ಬ್ರೇಕು ಹಿಡಿದು ದಾರಿ ಬಿಡಬೇಕಾದವರು ನಾವೇ. ಹಾಗೆ ಕಾದ ಹತ್ತು ನಿಮಿಷದಿಂದ ಎರಡು ಜೀವಗಳು ಉಳಿಯಬಹುದು.